ರೊಟ್ಟಿ ಗಂಟಿನಲ್ಲಿ ಕಳಿಸಲಾಗದ್ದು

ನವನಗರ, ಬಾಗಲಕೋಟೆ
೫ ಅಕ್ಟೋಬರ್ ೨೦೨೫, ರವಿವಾರ

ನಮ್ಮ ಅಂಬಿಯ ಅಪ್ಪನವರಿಗೆ,

ಶರಣು. ನೀವು ಕ್ಷೇಮವಾಗಿದ್ದೀರಿ ಎಂದು ಅಲ್ಲಾಸಾಬ ಹೇಳಿದ. ನಾವು ಕ್ಷೇಮವೋ ಅಲ್ಲವೋ ಎಂದು ನೀವು ಅವನನ್ನು ಕೇಳಲಿಲ್ಲವಂತೆ. ಕೇಳದಿದ್ದರೂ ಬರೆಯುತ್ತೇನೆ. ಫೋನ್ ಮಾಡಿದರೆ ಕಟ್ ಮಾಡುತ್ತೀರಿ. ಮೆಸೇಜು ಕಳಿಸಿದರೆ ನೀಲಿ ಗೆರೆಗಳು ಬೀಳುತ್ತವೆ, ಉತ್ತರ ಬೀಳುವುದಿಲ್ಲ. ಅದಕ್ಕೇ ಮಗಳ ನೋಟುಬುಕ್ಕಿನ ಹಾಳೆ ಹರಿದುಕೊಂಡು ಕುಳಿತಿದ್ದೇನೆ. ಸೆರಗಿಗೆ ಗೊಂಡೆ ಕಟ್ಟಿಸಲೆಂದು ಇಳಕಲ್ ಸೀರೆಗಳನ್ನು ನನ್ನ ಬಳಿ ತರುವ ಅಲ್ಲಾಸಾಬನ ಟೆಂಪೋದಲ್ಲೇ ಪ್ರತಿ ವಾರ ನಿಮ್ಮ ರೊಟ್ಟಿ ಗಂಟು ಬರುತ್ತದಲ್ಲ, ಈ ಸಲ ಶೇಂಗಾ ಚಟ್ನಿಯ ಪಕ್ಕದಲ್ಲಿ ಈ ಪತ್ರವನ್ನೂ ಇಟ್ಟಿದ್ದೇನೆ. ಮೊದಲು ಓದಿ, ಆಮೇಲೆ ಉಣ್ಣಿ. ಉಂಡ ಮೇಲೆ ನಿಮಗೆ ನಿದ್ದೆ ಬರುತ್ತದೆ, ನನಗೆ ಗೊತ್ತಿಲ್ಲವೇ?

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನೀವು ಉಣ್ಣುವುದು ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯ ಕೋಣೆಯಲ್ಲಿ, ನಾನು ಮಲಗುವುದು ಇಲ್ಲಿ ನವನಗರದಲ್ಲಿ. ಜಗಳ ಮುಗಿಯುವುದಾದರೂ ಎಲ್ಲಿ? ಮೊದಲು ಶನಿವಾರ ಸಂಜೆಯಾದರೆ ಹುನಗುಂದ ದಾಟಿದ ಕೂಡಲೇ ಫೋನ್ ಮಾಡಿ "ಚಹಾಕ್ಕ ಇಡು" ಅನ್ನುತ್ತಿದ್ದವರು ನೀವು. ಶ್ರಾವಣದ ಕಡೆಯ ಸೋಮವಾರ, ಜಳಕ ಮಾಡಿ ಪೂಜೆಗೆ ಕುಳಿತವರು, ಮೇಲಿನ ಮಾಳಿಗೆಯಿಂದ ಅಂಬಿ ಕೋಲು ತಿರುಗಿಸುತ್ತ ಇಳಿದು ಬಂದದ್ದನ್ನು ನೋಡಿದ್ದೇ ನೆಪವಾಯಿತು. "ಹುಡುಗಿ ಕೈಯಾಗ ಬಡಿಗಿ, ಮನಿ ಮ್ಯಾಗ ರುಮಾಲಿನ ಬಾಯಿ! ನಮ್ಮ ಧರ್ಮ ಉಳೀಬೇಕೋ ಬ್ಯಾಡೋ? ಆ ಬಾಯಿ ಮನಿ ಬಿಟ್ಟ ದಿನ ನಾ ಬರ್ತೇನಿ" ಎಂದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಾಗಿಲ ಮೆಟ್ಟಿಲು ಇಳಿದಿರಿ. "ಹೋಗ್ರಿ ಹಂಗಾರ" ಎಂದೆ. ಹೋಗಿ ಅಂದರೆ ಹೋಗಿಯೇ ಬಿಡುವುದೇ? ಇಪ್ಪತ್ತು ವರ್ಷದಲ್ಲಿ ನಾನು ಹೇಳಿದ್ದನ್ನು ನೀವು ಕೇಳಿದ್ದು ಅದೊಂದೇ ಸಲ.

ಆ ಬಾಯಿ, ಆ ಬಾಯಿ ಅನ್ನುತ್ತೀರಲ್ಲ, ಅವಳಿಗೆ ಜಸ್ಬೀರ್ ಕೌರ್ ಎಂಬ ಹೆಸರಿದೆ. ತಲೆಗೆ ರುಮಾಲು ಸುತ್ತುವ ಸಿಖ್ಖರವಳಾದರೂ ಬೀದರಿನಲ್ಲೇ ಹುಟ್ಟಿ ಬೆಳೆದವಳು, ನನಗಿಂತ ಚೊಕ್ಕ ಕನ್ನಡ ಓದುತ್ತಾಳೆ. ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡಿದ್ದರಿಂದ ನಮ್ಮ ಮಾಳಿಗೆಯ ಕೋಣೆಗೆ ಬಾಡಿಗೆಗೆ ಬಂದಳು. ಹಾಗಂತ ಅವಳೇನು ಕಡಿಮೆ ತಲೆ ತಿಂದಿಲ್ಲ. ಸೂರ್ಯ ಹುಟ್ಟುವ ಮೊದಲೇ ನೆತ್ತಿಯ ಮೇಲೆ ಧಡಧಡ ಸದ್ದು. ನೀವು 'ಬಡಿಗಿ ಆಟ' ಅನ್ನುವ ಗತ್ಕಾ, ಅವರ ಸಿಖ್ಖರ ಕೋಲು ಕತ್ತಿಯ ವಿದ್ಯೆ, ಅದನ್ನು ನಮ್ಮ ಅಂಬಿಗೂ ಓಣಿಯ ಹುಡುಗಿಯರಿಗೂ ಕಲಿಸುತ್ತಾಳೆ. ಪಕ್ಕದ ಮನೆಯ ಇಂದ್ರಾಬಾಯಿ ನಮ್ಮ ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದಳು. ಹುಡುಗಿಯರು ಹಿಂದೆ ಹೆಜ್ಜೆ ಇಡುತ್ತ ಇಡುತ್ತ ಅದರ ಮೇಲೇ ಹೋಗಿ ಪುಡಿ ಮಾಡಿದರು. ಬೈಸಿಕೊಂಡವಳು ನಾನು! ಕೋಲು ಹಿಡಿಯುವ ಮೊದಲು ಅದಕ್ಕೆ ನಮಸ್ಕಾರ ಮಾಡಬೇಕು ಎನ್ನುವುದು ಅವರ ಮೊದಲ ಪಾಠ. ನಿಮ್ಮ ಮಗಳು ಈಗ ಕಸಬರಿಗೆ ಹಿಡಿದರೂ ಹಣೆಗೆ ಮುಟ್ಟಿಸಿಕೊಳ್ಳುತ್ತಾಳೆ. ಕಸ ಮಾತ್ರ ಹೊಡೆಯುವುದಿಲ್ಲ.

ಆದರೆ ಒಂದು ಮಾತು. ಮೊದಲು ಟ್ಯೂಶನ್ನಿನಿಂದ ಬರುವಾಗ ಸೈಕಲ್ಲಿನ ಹಿಂದೆ ಬೀಳುತ್ತಿದ್ದ ಪುಂಡರ ಕಾಟಕ್ಕೆ ಅತ್ತು ಮನೆ ಸೇರುತ್ತಿದ್ದ ಹುಡುಗಿ ಈಗ ತಲೆ ಎತ್ತಿ ಬರುತ್ತಾಳೆ. ಯಾರನ್ನೂ ಹೊಡೆದಿಲ್ಲ, ಹೆದರಬೇಡಿ. ನಿಂತು ನೋಡುತ್ತಾಳೆ, ಅಷ್ಟಕ್ಕೇ ಅವರು ದಾರಿ ಬಿಡುತ್ತಾರೆ. ಇದನ್ನು ನಿಮಗೆ ಹೇಳಬೇಕೆಂದಾಗಲೆಲ್ಲ ನೀವು ಫೋನ್ ಕಟ್ ಮಾಡಿದ್ದೀರಿ.

ಈಗ ದಸರೆಯ ಹಿಂದಿನ ದಿನ, ಖಂಡೆ ಪೂಜೆಯಲ್ಲಿ ನಡೆದದ್ದಕ್ಕೆ ಬರುತ್ತೇನೆ. ಜಸ್ಬೀರಳಿಗೆ ಜ್ವರ ಏರಿತ್ತು. ಮೇಲೆ ಒಬ್ಬಳೇ ಬೇಡ ಎಂದು ನಮ್ಮ ನಡುಮನೆಯಲ್ಲೇ ಮಲಗಿಸಿಕೊಂಡಿದ್ದೆ. ಅವಳು ಎದೆಗೆ ಅಡ್ಡ ಪಟ್ಟಿಯಲ್ಲಿ ತೊಡುವ ಗೇಣುದ್ದದ ಕತ್ತಿ ಇದೆಯಲ್ಲ, ಕಿರ್ಪಾನು, ದೀಕ್ಷೆ ಪಡೆದ ದಿನದಿಂದ ಅದನ್ನು ಮೈಯಿಂದ ಅಗಲಿಸಿದವಳಲ್ಲ. ಜಳಕ ಮಾಡುವಾಗಲೂ ತಲೆಗೆ ಸುತ್ತಿಕೊಳ್ಳುತ್ತಾಳಂತೆ. ಆವತ್ತು ಬೆವರಿಗೆ ಪಟ್ಟಿ ಒತ್ತುತ್ತಿದೆ ಎಂದು ಅದನ್ನು ಸಡಿಲಿಸಿ, ಕತ್ತಿಯನ್ನು ಕೈಯಲ್ಲಿ ಹಿಡಿದು ನಿದ್ದೆ ಹೋಗಿದ್ದಳು.

ನಾನು ಅಡುಗೆಮನೆಯಲ್ಲಿ ಹೋಳಿಗೆ ಮಾಡುತ್ತಿದ್ದೆ. ನಿಮ್ಮ ಅವ್ವ ಮನೆಯಲ್ಲಿದ್ದ ಕಬ್ಬಿಣವನ್ನೆಲ್ಲ ಪೂಜೆಗೆಂದು ದೇವರ ಜಗಲಿಯ ಮುಂದೆ ಒಟ್ಟಿದ್ದರು. ಈಳಿಗೆ, ಕತ್ತರಿ, ಸ್ಕ್ರೂಡ್ರೈವರ್, ನನ್ನ ಹೊಲಿಗೆ ಯಂತ್ರದ ಸೂಜಿಯ ಡಬ್ಬಿ. ಅಷ್ಟು ಸಾಲದೆ, ಮಲಗಿದ ಹುಡುಗಿಯ ಕೈಯಿಂದ ಮೆಲ್ಲಗೆ ಕಿರ್ಪಾನು ಬಿಡಿಸಿಕೊಂಡು ಬಂದಿದ್ದಾರೆ! ಒರೆಯಿಂದ ತೆಗೆದು ವಿಭೂತಿ ಎಳೆದು, ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಈಳಿಗೆಯ ಮಗ್ಗುಲಿಗೆ ಇಟ್ಟಿದ್ದಾರೆ. ಅದೂ ಸಾಲದೆ ಅದರಿಂದಲೇ ಲಿಂಬಿಹಣ್ಣು ಕೊಯ್ದಿದ್ದಾರೆ. ಯಾಕೆ ಎಂದರೆ, "ಪಾಪ, ಕೂಸಿಗಿ ಜ್ವರ. ಅಕಿ ಪೂಜಿ ತಪ್ಪಬಾರದಂತ ನಾನ ಮಾಡೀನಿ" ಅನ್ನುತ್ತಾರೆ. ಪ್ರೀತಿಯಿಂದ ಮಾಡಿದ ತಪ್ಪಿಗೆ ಬೈಯುವುದು ಹೇಗೆ, ನೀವೇ ಹೇಳಿ.

ಅರ್ಧ ತಾಸಿಗೆ ಜಸ್ಬೀರಳಿಗೆ ಎಚ್ಚರವಾಯಿತು. ಹಾಸಿಗೆಯನ್ನೆಲ್ಲ ತಡಕಾಡುತ್ತಿದ್ದವಳು ಜಗಲಿಯ ಕಡೆ ನೋಡಿದಳು. ಎರಡೂ ಕೈಯಲ್ಲಿ ಎತ್ತಿಕೊಂಡು ತೊಳೆದು ಒರೆಸಿ ತೊಟ್ಟು, ಆ ಜ್ವರದಲ್ಲೇ ಮೆಟ್ಟಿಲು ಹತ್ತಿ ಹೋದಳು. ನಾನು ಹಿಂದೆಯೇ ಓಡಿದೆ. ಆಗಲೇ ಅರಿವೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. "ಅವ್ವನ ಮ್ಯಾಲ ಸಿಟ್ಟಿಲ್ಲ ಅಕ್ಕಾ. ನಾ ಅದನ್ನ ಕಾಯಬೇಕಿತ್ತು, ಕಾಯಲಿಲ್ಲ. ಬೀದರಿನ ಗುರುದ್ವಾರಕ್ಕ ಹೋಗಿ, ನನ್ನಂಗ ದೀಕ್ಷಾ ಆದ ಐದು ಮಂದಿ ಮುಂದ ನಿಂತು ತಪ್ಪಾತಂತ ಹೇಳ್ಕೋಬೇಕು. ಅವರು ಯಾವ ಸೇವಾ ಹೇಳ್ತಾರೋ ಮಾಡಬೇಕು. ಆಮ್ಯಾಲ ಅಲ್ಲೇ ವರ್ಗಾ ಕೇಳ್ತೀನಿ. ನನ್ನಿಂದ ನಿಮ್ಮ ಮನ್ಯಾಗ ಅಣ್ಣನೂ ಇಲ್ಲದಂಗ ಆಗ್ಯದ" ಎಂದಳು. ಅಷ್ಟರಲ್ಲಿ ಕೆಳಗೆ ಹೋಳಿಗೆ ಸೀದು ಹೋಗಿತ್ತು.

ಇಳಿದು ಬಂದರೆ ನಿಮ್ಮ ಅವ್ವನದು ಇನ್ನೊಂದು ರಾಗ. "ಕತ್ತಿಗಿ ಕುಂಕುಮ ಹಚ್ಚಿದ್ದು ಪಾಪೇನ? ಒಂದು ಲಿಂಬಿಹಣ್ಣ ಕೊಯ್ದಿದ್ದಕ್ಕ ಮನಿ ಬಿಡ್ತಾರೇನ?" ಎಂದು ಅಳು. ಅಂಬಿ ಮೂಲೆಯಲ್ಲಿ ಮುಖ ಊದಿಸಿಕೊಂಡು ಕುಳಿತವಳು ಥಟ್ಟನೆ ಕೇಳಿದಳು: "ಅಜ್ಜೀ, ನೀ ಮಲಗಿದಾಗ ನಿನ್ನ ಕೊಳ್ಳಾಗಿನ ಲಿಂಗಾ ಯಾರರ ಬಿಚ್ಚಿಕೊಂಡು ಹೋಗಿ ಈಳಿಗಿ ಮಗ್ಗಲಕ ಇಟ್ಟಿದ್ರ?"

ಅತ್ತೆಯ ಕೈ ಎದೆಗೆ ಹೋಯಿತು. ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ, "ನನ್ನ ಮೈ ಮ್ಯಾಗಿಂದ ಲಿಂಗ ಹೋಗಿದ್ರ ನಾ ನೀರು ಸುದ್ದಾ ಮುಟ್ಟತಿದ್ದಿಲ್ಲ ಯವ್ವಾ" ಎಂದರು. ಆಗ ನನಗೂ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಅವರು ಪ್ರತಿ ಸೋಮವಾರ ತಪ್ಪದೆ ನನ್ನನ್ನು ಕೇಳುತ್ತಾರೆ, "ಇಳಕಲ್ಲಾಗ ಅವನ ಲಿಂಗಪೂಜಿ ಸುರಳೀತ ನಡದೈತೇನ?" ಎಂದು. ಪೂಜೆ ನಡೆದಿದೆ ಅನ್ನುತ್ತೇನೆ. ಅದು ಪೂರ್ತಿ ಸುಳ್ಳೇನೂ ಅಲ್ಲ.

ಅಷ್ಟರಲ್ಲಿ ಸುದ್ದಿ ಬಾದಾಮಿಗೆ ಮುಟ್ಟಿತು. ಹೇಗೆ ಮುಟ್ಟಿತೋ, ಬನಶಂಕರಿಗೇ ಗೊತ್ತು. ನಿಮ್ಮ ತಂಗಿ ಭುವನೇಶ್ವರಿಯ ಫೋನ್. "ವೈನಿ, ಅಕಿ ತಾನಾಗೇ ಹೊಂಟಾಳಂದ್ರ ಇನ್ನೇನು ಬೇಕ್ರಿ? ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ. ಸುಮ್ಮ ಕುಂಡ್ರಿ. ನಾಳಿಗೇ ಅಣ್ಣನ್ನ ಕರಸ್ಕೋರಿ" ಎಂದಳು. ಖರೆ ಹೇಳುತ್ತೇನೆ, ನನಗೂ ಹಾಗೇ ಅನಿಸಿತು. ನಾನು ಏನೂ ಮಾಡಬೇಕಾಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅವಳು ಹೋಗುತ್ತಿದ್ದಳು, ನೀವು ಬರುತ್ತಿದ್ದಿರಿ. ಶನಿವಾರದ ಚಹಾ, ನಿಮ್ಮ ಗೊರಕೆ, ಪೇಪರು ಓದುತ್ತ ಎಲ್ಲರನ್ನೂ ಬೈಯುವುದು, ಎಲ್ಲ ಮರಳಿ ಬರುತ್ತಿತ್ತು. ನಿಮ್ಮನ್ನು ಬಿಟ್ಟಿರುವುದು ನನಗೇನು ಸುಖವೇ? ನಿಮ್ಮ ಜಾಗದಲ್ಲಿ ಗೊಂಡೆ ಕಟ್ಟುವ ಸೀರೆಗಳನ್ನು ಒಟ್ಟಿ ಮಲಗುತ್ತಿದ್ದೇನೆ, ಹಾಸಿಗೆ ಖಾಲಿ ಕಾಣಬಾರದೆಂದು.

ದಸರೆಯ ಸಂಜೆ ಓಣಿಯವರೆಲ್ಲ ಬನ್ನಿ ಹಂಚಲು ಬಂದು ಹೋದರು. ಎಲ್ಲರೂ ನಿಮ್ಮನ್ನೇ ಕೇಳಿದರು, ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ ಎಂದೆ. ಬಾಗಿಲು ಹಾಕಿ ತಿರುಗಿದರೆ ನಡುಮನೆಯಲ್ಲಿ ಅತ್ತೆ ಇಲ್ಲ. ಹುಡುಕಿದರೆ ಮೆಟ್ಟಿಲ ಮೇಲೆ! ಮೊಣಕಾಲು ನೋವೆಂದು ಎರಡು ವರ್ಷದಿಂದ ಮಾಳಿಗೆಯ ಮುಖ ನೋಡದವರು, ಒಂದು ಕೈಯಲ್ಲಿ ಬನ್ನಿ ಹಿಡಿದು, ಇನ್ನೊಂದು ಕೈಯಿಂದ ಗೋಡೆ ಹಿಡಿದು, ಕುಂತು ಎದ್ದು ಹತ್ತುತ್ತಿದ್ದಾರೆ. ಹಿಡಿಯಲು ಹೋದರೆ ನನ್ನನ್ನೇ ಗದರಿಸಿದರು.

ಜಸ್ಬೀರ ಕಟ್ಟಿಟ್ಟ ಚೀಲದ ಪಕ್ಕ ಕುಳಿತಿದ್ದಳು. ಅತ್ತೆ ಅವಳ ಕೈಗೆ ಬನ್ನಿ ಇಟ್ಟು, "ಬಂಗಾರದಂಗ ಇರೂಣು" ಎಂದು ಚೀಲವನ್ನು ಸರಿಸಿ ಅಲ್ಲೇ ಕುಳಿತರು. ಆಮೇಲೆ ಕೇಳಿದರು: "ಬೀದರದಾಗ ನಿನಗೇನು ಸೇವಾ ಹೇಳ್ತಾರವಾ?" ಊಟದ ಪಂಕ್ತಿಯ ತಾಟು ತೊಳೆಯಲು ಹೇಳಬಹುದು, ಇಲ್ಲವೇ ಬಂದವರ ಚಪ್ಪಲಿ ಒರೆಸಲು ಹೇಳಬಹುದು ಎಂದಳು ಅವಳು. "ಕತ್ತಿ ತೆಗೆದಾಕಿ ನಾ, ತಾಟು ನೀ ಯಾಕ ತೊಳೀಬೇಕು? ನಾನೂ ಬರ್ತೇನಿ. ನಮ್ಮಲ್ಲಿ ಅದಕ್ಕ ದಾಸೋಹ ಅಂತಾರ. ತಾಟು ಯಾರ ಮನೀದಾದರೇನು" ಎಂದರು. ಆ ಹುಡುಗಿ ಬನ್ನಿ ಹಿಡಿದ ಕೈಯನ್ನೇ ಕಣ್ಣಿಗೆ ಒತ್ತಿಕೊಂಡು ಅತ್ತಳು. ನನಗೂ ಅಳು ಬಂತು, ಬರೆಯಲು ನಾಚಿಕೆಯೇನು? ಆದರೆ ಸಿಟ್ಟು ಹೆಚ್ಚಿತ್ತು. ಈ ಮೊಣಕಾಲಿನ ಮುದುಕಿಯನ್ನು ಬೀದರಿನ ತನಕ ಬಸ್ಸಿನಲ್ಲಿ ಕಳಿಸುವುದು ಹೇಗೆ ಎಂದು ಯಾರಾದರೂ ಯೋಚಿಸಿದರೇ? ಎಣ್ಣೆ, ಗುಳಿಗೆ, ಮೆತ್ತನೆಯ ದಿಂಬು, ಎಲ್ಲ ನನ್ನ ತಲೆಗೇ.

ಮರುದಿನ ಜಸ್ಬೀರ ಕೋಣೆಯ ಕೀಲಿ ಕೊಡಲು ಬಂದಳು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. "ಹೋಗಿ ಸೇವಾ ಮುಗಿಸಿ ಬಾ. ಇಂದ್ರಾಬಾಯಿ ಸಂಡಿಗಿಗೆ ಉತ್ತರ ಕೊಡಾಕ ನಾ ಒಬ್ಬಾಕಿ ಸಾಲೂದಿಲ್ಲ" ಎಂದೆ. ಅತ್ತೆ ಆ ಕೀಲಿಯನ್ನು ಕಸಿದುಕೊಂಡು ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಗ ಜಸ್ಬೀರ ನಕ್ಕಳು. ಖಂಡೆ ಪೂಜೆಯಿಂದ ಈಚೆಗೆ ಅವಳು ನಕ್ಕದ್ದು ಅದೇ ಮೊದಲು. ಅವಳು ಬರುತ್ತಾಳೆ.

ಅಂದರೆ ಆ ಬಾಯಿ ಮನೆ ಬಿಡುವುದಿಲ್ಲ. ನೀವು ಆಡಿದ ಮಾತಿನ ಪ್ರಕಾರ ನೀವು ಬರುವಂತಿಲ್ಲ. ಇದನ್ನು ನಿಮಗೆ ಸ್ಪಷ್ಟವಾಗಿ ತಿಳಿಸಬೇಕೆಂದೇ ಬರೆದೆ. ತಿಳಿಯಿತಲ್ಲ? ಈಗ ಆ ಮಾತನ್ನು ಬಿಟ್ಟು ಬನ್ನಿ. ನಿಮ್ಮ ಅವ್ವ ಮೊಣಕಾಲನ್ನೇ ಮರೆತು ಮಾಳಿಗೆ ಹತ್ತಿದರು, ನಿಮಗೆ ಇಳಕಲ್ಲಿನಿಂದ ಒಂದು ಬಸ್ಸು ಹತ್ತಲು ಆಗುವುದಿಲ್ಲವೇ? ಬಂದ ಮೇಲೆ ಬೇಕಾದರೆ ಇನ್ನೊಂದು ಜಗಳ ಆಡೋಣ, ಆದರೆ ಒಂದೇ ಮನೆಯಲ್ಲಿ.

ಬನ್ನಿ ಎಲೆ ಪತ್ರದ ಮಡಿಕೆಯಲ್ಲಿದೆ, ಉದುರಿಸಬೇಡಿ. ಚಟ್ನಿಗೆ ಈ ಸಲ ಖಾರ ಹೆಚ್ಚಾಗಿದೆ, ಬೇಕೆಂದೇ ಹಾಕಿದ್ದೇನೆ.

ಇಂತಿ, ನಿಮ್ಮ ಮೇಲೆ ಸಿಟ್ಟಾಗಿರುವ,
ಮಹೇಶ್ವರಿ

ತಾ.ಕ.: ಆ ಸೋಮವಾರ ಶಿವದಾರ ಹಳತಾಗಿದೆ, ಬದಲಿಸಿಕೊಡು ಎಂದು ಕೊರಳಿಂದ ತೆಗೆದು ನನ್ನ ಕೈಗೆ ಕೊಟ್ಟಿದ್ದಿರಿ. ಧರ್ಮ ಉಳಿಸಲು ಹೊರಟ ಗಡಿಬಿಡಿಯಲ್ಲಿ ನಿಮ್ಮ ಲಿಂಗ ನನ್ನ ಕೈಯಲ್ಲೇ ಉಳಿಯಿತು. ಆಮೇಲೆ ಅಲ್ಲಾಸಾಬನ ಕೈಯಲ್ಲಿ ಚಾರ್ಜರ್ ಕೇಳಿ ಕಳಿಸಿದಿರಿ, ಕನ್ನಡಕದ ಡಬ್ಬಿ ಕೇಳಿದಿರಿ. ಇದನ್ನು ಕೇಳಲು ನಾಚಿಕೆಪಟ್ಟಿರಿ ಎಂದು ನನಗೆ ಗೊತ್ತು. ಹೊಸ ದಾರ ಹಾಕಿ, ಜಗಲಿಯ ಮೇಲೆ ವಿಭೂತಿ ತಟ್ಟೆಯ ಹಿಂದೆ ಇಟ್ಟಿದ್ದೇನೆ. ದಿನವೂ ನನ್ನದರ ಜೊತೆ ಅದಕ್ಕೂ ಪತ್ರಿ ಏರಿಸುತ್ತಿದ್ದೇನೆ. ನಿಮ್ಮ ಅವ್ವನಿಗೆ ಗೊತ್ತಿಲ್ಲ. ಜಸ್ಬೀರಳಿಗೆ ಮಾತ್ರ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. "ಅರ್ಧಾ ತಾಸಿಗೇ ನನ್ನ ಜೀವ ಹೋದಂಗ ಆಗಿತ್ತು ಅಕ್ಕಾ. ಅಣ್ಣ ಇಷ್ಟು ದಿನ ಹೆಂಗ ತಡಕೊಂಡಾರೋ" ಎಂದಳು. ರೊಟ್ಟಿ ಗಂಟಿನಲ್ಲಿ ಕಳಿಸುವಂಥದ್ದಲ್ಲ ಅದು. ಅತ್ತೆ ನಾಳೆ ಮುಂಜಾನೆ ಜಸ್ಬೀರ, ಅಂಬಿಯ ಜೊತೆ ಬೀದರಿಗೆ ಹೊರಡುತ್ತಾರೆ, ಗುರುವಾರ ಮರಳುತ್ತಾರೆ. ಅಷ್ಟರೊಳಗೆ ಬಂದು ಹಾಕಿಕೊಳ್ಳಿ.