ಹುಲ್ಲು ಟೀಚರಿಗೆ ನಮ್ಮ ಬೀದಿಯ ಸನ್ಮಾನ

ಮನೆಯಿಂದ, ಹೊಲಿಗೆ ಮಿಷನ್ನಿನ ಮುಂದೆ ಕೂತು
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಹೇಗಿದ್ದೀಯಪ್ಪಾ? ಮೊಣಕೈ ಮೇಲೆ ಬಿಸಿ ಎಣ್ಣೆ ಸಿಡಿದ ಗಾಯ ಒಣಗಿತೇ, ಇಲ್ಲ ‘ಏನೂ ಆಗಿಲ್ಲಮ್ಮ’ ಎಂಬ ಹಳೇ ರಾಗವೇ ನಡೆಯುತ್ತಿದೆಯೇ? ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ ಮಾಡುವವನು ಗಾಯ ತೆರೆದಿಟ್ಟುಕೊಂಡು ಓಡಾಡಬಾರದು. ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅಷ್ಟೇ. ನಿಮ್ಮಪ್ಪ ನಾನು ಬಚ್ಚಿಟ್ಟ ಸಕ್ಕರೆ ಡಬ್ಬಿಯನ್ನು ಮತ್ತೆ ಪತ್ತೆ ಹಚ್ಚಿದ್ದಾರೆ. ಬಸ್ಸಿನ ಕಂಡಕ್ಟರ್ ಆಗಿ ಅಷ್ಟು ವರ್ಷ ಟಿಕೆಟ್ ಇಲ್ಲದವರನ್ನು ಹಿಡಿದ ಕಣ್ಣು, ಅವರಿಂದ ಏನನ್ನು ತಾನೇ ಮುಚ್ಚಿಡುವುದು!

ಹೋದ ತಿಂಗಳು ಫೋನಿನಲ್ಲಿ ನೀನು ಒಂದು ಕೆಲಸ ಒಪ್ಪಿಸಿದ್ದೆ. ಬಂದರಿನ ಆಫೀಸಿನಲ್ಲಿ ಗುಮಾಸ್ತೆಯ ಜಾಗ ಖಾಲಿ ಇದೆ, ಸಾಹೇಬರ ಹತ್ತಿರ ಮಾತಾಡಿದ್ದೀನಿ, ಮಾರ್ಚ್ ತಿಂಗಳ ಕೊನೆಯೊಳಗೆ ನಿನ್ನ ಹೆಂಡತಿ ಹೂಂ ಅನ್ನಬೇಕು, ನೀನೇ ಕೂರಿಸಿಕೊಂಡು ಹೇಳಮ್ಮ ಎಂದಿದ್ದೆ. ‘ಶಾಲೆಯೇ ನೆಟ್ಟಗಿಲ್ಲದ ವರ್ಷ ಹುಲ್ಲಿನ ಪಾಠ ಯಾರಿಗೆ ಬೇಕಮ್ಮ’ ಎಂದೂ ಅಂದೆ. ನನಗೂ ಆಗ ಹೌದಲ್ಲ ಎನ್ನಿಸಿತ್ತು. ಆಫೀಸೆಂದರೆ ಫ್ಯಾನು, ಕುರ್ಚಿ, ಹೊತ್ತಿಗೆ ಸರಿಯಾಗಿ ಮನೆ. ಇವಳೋ ಉಗುರು ಸಂದಿಯಲ್ಲಿ ಮಣ್ಣು ತುಂಬಿಕೊಂಡು, ಸೀರೆಯ ಅಂಚಿಗೆಲ್ಲ ಮುಳ್ಳುಬೀಜ ಅಂಟಿಸಿಕೊಂಡು ಬರುತ್ತಾಳೆ. ನಾನು ದರ್ಜಿಯ ಕಣ್ಣಿನವಳು, ಸೀರೆಯ ಅಂಚು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೂ ನೀನು ಒಪ್ಪಿಸಿದ ಕೆಲಸವನ್ನು ನಾನು ಮಾಡಲಿಲ್ಲ. ಯಾಕೆ ಎಂದು ಹೇಳಲಿಕ್ಕೇ ಈ ಕಾಗದ. ಫೋನಿನಲ್ಲಿ ನಿನ್ನ ಅರ್ಧ ಮಾತು ಗಾಳಿಗೆ, ಉಳಿದರ್ಧ ಇಂಜಿನ್ನಿಗೆ ಹೋಗುತ್ತದೆ.

ಮಳೆಗಾಲದಲ್ಲಿ ಶಾಲೆಯ ಚಾವಣಿಯ ಗಾರೆ ಬಿದ್ದು ಕಟ್ಟಡಕ್ಕೆ ಬೀಗ ಹಾಕಿದ್ದು ನಿನಗೆ ಗೊತ್ತೇ ಇದೆ. ಅಲ್ಲಿಂದ ಮಕ್ಕಳು ದಿಕ್ಕಾಪಾಲು. ಚಿಕ್ಕವರು ಗ್ರಂಥಾಲಯದ ವರಾಂಡದಲ್ಲಿ, ದೊಡ್ಡವರು ಪೀಠೋಪಕರಣದ ಅಂಗಡಿಯ ಮಹಡಿ ಮೇಲೆ, ಬೆಳಿಗ್ಗೆ ಒಂದು ಗುಂಪು ಮಧ್ಯಾಹ್ನ ಇನ್ನೊಂದು. ಕೆಳಗೆ ಮರ ಕೊಯ್ಯುವ ಗರಗಸ, ಮೇಲೆ ಮಗ್ಗಿ. ಅರ್ಧ ದಿನದ ಶಾಲೆಯಲ್ಲಿ ಮುಖ್ಯ ಪಾಠಗಳಷ್ಟೇ ಸಾಕು, ಪರಿಸರ ಪಾಠಕ್ಕೆ ಕೋಣೆಯಿಲ್ಲ ಎಂದರು ದೊಡ್ಡ ಮೇಡಂ. ನಿನ್ನ ಹೆಂಡತಿ ಜಗಳವಾಡಲಿಲ್ಲ. ‘ನನಗೆ ಕೋಣೆ ಬೇಡ ಮೇಡಂ, ವಾರಕ್ಕೆರಡು ಹೊತ್ತು ಮಕ್ಕಳನ್ನ ಕೊಡಿ ಸಾಕು’ ಎಂದು ಬೇಕರಿಯ ಹಿಂದಿನ ಖಾಲಿ ಜಾಗಕ್ಕೆ ಕರೆದುಕೊಂಡು ಹೋದಳು. ಹಳೇ ಮನೆ ಕೆಡವಿದ ಮೇಲೆ ಯಾರೂ ಕಾಲಿಡದ ಜಾಗ ಅದು, ಸೊಂಟದೆತ್ತರ ಕಳೆ. ಮನೆಗೆ ಬಂದು, ನನ್ನ ಹೊಲಿಗೆಯಲ್ಲಿ ಉಳಿದ ಬಟ್ಟೆ ಚೂರುಗಳ ಮೂಟೆ ಕೇಳಿದಳು. ಮಗುವಿಗೊಂದು ಗೂಟ, ಗೂಟಕ್ಕೊಂದು ಬಣ್ಣದ ಬಟ್ಟೆ ಚೂರು, ಚೂರಿನ ಸುತ್ತ ಒಂದು ಮೊಳ ಜಾಗ. ಆ ಜಾಗ ಆ ಮಗುವಿನದು. ಅಲ್ಲಿ ಏನು ಬೆಳೆಯುತ್ತದೆ, ಯಾವ ಹುಳ ಬರುತ್ತದೆ, ಇರುವೆ ಎತ್ತ ಹೋಗುತ್ತದೆ, ಇಡೀ ವರ್ಷ ನೋಡಬೇಕು. ಕೀಳುವ ಹಾಗಿಲ್ಲ, ನೆಡುವ ಹಾಗೂ ಇಲ್ಲ. ಇದೆಂಥಾ ಪಾಠ ಎಂದು ನಾನೂ ಮೂಗು ಮುರಿದೆ. ಬೀದಿಯವರು ‘ಹುಲ್ಲು ಟೀಚರ್’ ಎಂದು ಹೆಸರಿಟ್ಟರು.

ಆದರೆ ಪುಟ್ಟಾ, ನೋಡ್ತಾ ನೋಡ್ತಾ ಏನಾಯಿತು ಗೊತ್ತೇ? ಮಹಡಿ ಮೇಲಿನ ಶಾಲೆಗೆ ಹೊಟ್ಟೆನೋವು ತಲೆನೋವು ಎಂದು ಚಕ್ಕರ್ ಹೊಡೆಯುತ್ತಿದ್ದ ಮಕ್ಕಳು ಇವಳ ಪಾಠದ ದಿನ ತಪ್ಪದೆ ಬರತೊಡಗಿದವು. ಬಂದವರು ಹಾಗೇ ಲೆಕ್ಕದ ಪಾಠಕ್ಕೂ ಕೂತರು. ಇವಳಿಗೆ ಗಂಟಲು ಕಟ್ಟಿದ ದಿನವೂ, ಬಿಸಿಲಿಗೆ ಮುಖ ಸುಟ್ಟ ದಿನವೂ ಒಂದು ಪಾಠ ತಪ್ಪಿಸಲಿಲ್ಲ. ಬಟ್ಟೆ ಅಳತೆ ಕೊಡಲು ಬಂದ ತಾಯಂದಿರು ‘ನಿಮ್ಮ ಸೊಸೆ ಇಲ್ಲದಿದ್ರೆ ಈ ವರ್ಷ ನಮ್ಮ ಮಕ್ಕಳು ಬೀದಿಪಾಲಾಗ್ತಿದ್ವು ಕಣ್ರೀ’ ಎನ್ನುವಾಗ ನನ್ನ ಟೇಪು ಕೈಯಲ್ಲೇ ನಿಂತುಬಿಡುತ್ತಿತ್ತು. ಹೆಮ್ಮೆ ಆಗುತ್ತಿತ್ತು, ಮುಚ್ಚಿಡುವುದೇನು. ಆಮೇಲೆ ಶಿಕ್ಷಣ ಇಲಾಖೆಯಿಂದ ಸುದ್ದಿ ಬಂತು. ಇನ್‌ಸ್ಪೆಕ್ಟರಮ್ಮ ಸೋಮವಾರ ಬಂದು ನೋಡುತ್ತಾರೆ, ಮುಂದಿನ ವರ್ಷ ಈ ಪಾಠ ಬೇಕೋ ಬೇಡವೋ ಎಂದು ಅವರೇ ಹೇಳುತ್ತಾರೆ, ಬೇಡವೆಂದರೆ ಇವಳ ಹುದ್ದೆಯೂ ಇಲ್ಲ ಅಂತ. ಇವಳು ಊಟ ಅರ್ಧಕ್ಕೆ ಬಿಟ್ಟಳು. ಹೊರಗೆ ಮಾತ್ರ ನಗುನಗುತ್ತಲೇ ಇದ್ದಳು.

ಇನ್ನು ನಿಮ್ಮಪ್ಪನ ಪ್ರತಾಪ ಕೇಳು. ಸೊಸೆಯ ಮೇಲೆ ಅವರಿಗೆಷ್ಟು ಅಕ್ಕರೆ ಎಂದು ನಿನಗೆ ಗೊತ್ತು, ಬಾಯಿಬಿಟ್ಟು ಹೇಳಿದ್ದು ಮಾತ್ರ ನಾನು ಕೇಳಿಲ್ಲ. ಇನ್‌ಸ್ಪೆಕ್ಟರಮ್ಮ ಬರುವ ದಿನವೇ ಟೀಚರಿಗೆ ಒಂದು ಸನ್ಮಾನ ಮಾಡಬೇಕೆಂದು ಬೀದಿಯ ಗಂಡಸರೆಲ್ಲ ಸೇರಿ ಗುಸುಗುಸು ನಡೆಸಿದರು. ಬ್ಯಾನರ್ ಹೊಲಿಯುವುದು ನನ್ನ ಪಾಲಿಗೆ ಬಂತು. ಉಳಿದದ್ದನ್ನು ನನಗೆ ಹೇಳಲಿಲ್ಲ, ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವಂತೆ! ಹೋದ ಭಾನುವಾರ ಇವಳು ತವರಿಗೆ ಹೋಗಿದ್ದಳು. ನಾನು ಬ್ಯಾನರಿನ ಕೊನೆಯ ಅಂಚು ಮಡಚುತ್ತಿದ್ದೆ. ನಿಮ್ಮಪ್ಪ ಬೆವರು ಸುರಿಸಿಕೊಂಡು, ಮೈಯೆಲ್ಲ ಧೂಳಾಗಿ, ಕಪ್ ಗೆದ್ದ ಹುಡುಗನ ಹಾಗೆ ಒಳಗೆ ಬಂದರು. ‘ಪಾಪ, ಹುಳ ಹುಪ್ಪಟೆ ನಡುವೆ ಮಕ್ಕಳನ್ನ ಕೂರಿಸ್ಕೊಂಡು ಒದ್ದಾಡ್ತಿದ್ಲು. ಎಲ್ಲಾ ಕೆತ್ತಿ ಹಾಕಿ, ಮಟ್ಟ ಮಾಡಿ, ಸುತ್ತ ಸುಣ್ಣದ ಕಲ್ಲಿಟ್ಟು ಬಂದ್ವಿ. ಈಗ ಅಂಗೈ ಥರಾ ಇದೆ ನೋಡು’ ಎಂದು ಒಂದು ಚೀಲ ನನ್ನ ಮುಂದಿಟ್ಟರು. ‘ನಿನ್ನ ಬಟ್ಟೆ ಚೂರು ಕಣೇ, ಯಾಕೆ ಹಾಳಾಗ್ಬೇಕು ಅಂತ ಆರಿಸ್ಕೊಂಡು ಬಂದೆ.’ ನೋಡುತ್ತೇನೆ, ಮಕ್ಕಳ ಗೂಟಗಳೆಲ್ಲ ಚೀಲದಲ್ಲಿವೆ! ‘ಅಯ್ಯೋ ನಿಮ್ಮ, ಅವಳ ಇಡೀ ವರ್ಷದ ಪಾಠ ಕಿತ್ತು ಹಾಕಿದ್ರಲ್ರೀ’ ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಎದ್ದು ಹೋಗಿ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತವರು ಕಾಫಿಗೂ ಬರಲಿಲ್ಲ. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಅಷ್ಟು ಸಣ್ಣಗಾಗಿದ್ದನ್ನು ನಾನು ಕಂಡಿರಲಿಲ್ಲ.

ಸಂಜೆ ಇವಳು ಬಸ್ಸಿಳಿದು ಬೇಕರಿಯ ಹಿಂದಿನಿಂದಲೇ ಬಂದಳು. ಅಂದರೆ ಎಲ್ಲ ನೋಡಿಯೇ ಬಂದಳು. ಬ್ಯಾಗು ಇಟ್ಟಳು, ಬಾಗಿಲ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಬೆನ್ನು ಸವರಿದೆ, ಬೇರೇನು ಮಾಡಲಿ? ಆಮೇಲೆ ಮುಖ ತೊಳೆದು, ಯಾರ ಕೆಲಸವೆಂದು ಕೇಳಿದಳು. ನಾನು ಹಿತ್ತಲ ಕಡೆ ನೋಡಿದೆ ಅಷ್ಟೇ. ಸೀದಾ ಅಲ್ಲಿಗೆ ಹೋದಳು. ನಾನಾಗಿದ್ದರೆ ಬೀದಿ ಒಂದು ಮಾಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಅವಳು ಏನೆಂದಳು ಗೊತ್ತೇ? ‘ಮಾವಾ, ಒಳಗೆ ಬನ್ನಿ, ಚಳಿ ಆಗುತ್ತೆ. ನೀವು ಕಿತ್ತಿದ್ದು ಮೇಲಿನ ಎಲೆ. ಬೇರು, ಬೀಜ ಎಲ್ಲಾ ಅಲ್ಲೇ ಇದೆ. ನನಗೋಸ್ಕರ ತಾನೇ ಮಾಡಿದ್ದು?’ ನಿಮ್ಮಪ್ಪ ತಲೆ ಎತ್ತಲಿಲ್ಲ, ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು. ಇಂಥ ಮನಸ್ಸು ನನಗಿಲ್ಲ ಪುಟ್ಟಾ, ನಿನಗೂ ಇಲ್ಲ.

ಸೋಮವಾರ ನಾನು ಹೊಲಿಗೆ ಬದಿಗಿಟ್ಟು ಅಲ್ಲಿಗೆ ಹೋದೆ. ಬರೀ ಮಣ್ಣು, ಸುತ್ತ ಬೆಳ್ಳಗೆ ಕಲ್ಲು, ಮೇಲೆ ನನ್ನ ಬ್ಯಾನರ್. ಮಕ್ಕಳು ನೋಡಿದ್ದೇ ತಡ ಗೋಳೋ ಎಂದವು, ಯಾರು ಮಾಡಿದ್ದು ಎಂದು ರೇಗಿದವು. ಇವಳು ಹೆಸರು ಹೇಳಲಿಲ್ಲ. ನಿಮ್ಮಪ್ಪನೇ ಮುಂದೆ ಬಂದು ‘ನಾನೇ ಕಣ್ರೋ, ತಪ್ಪಾಯ್ತು’ ಎಂದರು. ಅಷ್ಟರಲ್ಲಿ ಇನ್‌ಸ್ಪೆಕ್ಟರಮ್ಮನ ಕಾರು ಬಂದೇಬಿಟ್ಟಿತು. ಆಕೆ ಇಳಿದು, ‘ಇಲ್ಲಿ ಏನೂ ಇಲ್ವಲ್ಲ ಟೀಚರ್?’ ಎಂದರು. ಇವಳು ಚೀಲ ಕೆಳಗೆ ಸುರಿದು ಮಕ್ಕಳಿಗೆ ಹೇಳಿದಳು: ‘ನಿಮ್ಮ ನಿಮ್ಮ ಗೂಟ ತಗೊಳ್ಳಿ. ನಿಮ್ಮ ಗಿಡ ಎಲ್ಲಿತ್ತೋ ಅಲ್ಲಿ ನೆಟ್ಟು, ಅಲ್ಲೇ ನಿಂತ್ಕೊಳ್ಳಿ.’

ಪುಟ್ಟಾ, ಆ ಮಕ್ಕಳು ಒಂದು ಗೆರೆ, ಒಂದು ಗುರುತು ಇಲ್ಲದ ಆ ಮಣ್ಣಿನ ಮೇಲೆ ಸರಸರನೆ ಹೋಗಿ ತಮ್ಮ ತಮ್ಮ ಜಾಗದಲ್ಲಿ ನಿಂತವು. ಎಲ್ಲ ಕಳೆ ಮತ್ತೆ ಎದ್ದು ನಿಂತ ಹಾಗಾಯಿತು. ಇನ್‌ಸ್ಪೆಕ್ಟರಮ್ಮ ಒಬ್ಬೊಬ್ಬರ ಹತ್ತಿರ ಹೋದರು. ಇಲ್ಲಿ ಮುಟ್ಟಿದರೆ ಮುನಿ ಇತ್ತು, ಸಂಜೆ ತಾನಾಗೇ ಮಲಗ್ತಿತ್ತು ಎಂದಿತು ಒಂದು. ನನ್ನ ಗಿಡದ ಎಲೆ ಹುಳಿ, ಅದನ್ನ ನೀಲಿ ಚಿಟ್ಟೆಯ ಮರಿ ತಿಂತಿತ್ತು ಎಂದಿತು ಇನ್ನೊಂದು. ನಮ್ಮ ಬೀದಿಯ ಡ್ರೈವರನ ಅವಳಿ ಹೆಣ್ಣುಮಕ್ಕಳಿಬ್ಬರು ‘ಇದು ನನ್ನ ಜಾಗ’, ‘ಅಲ್ಲ, ನಂದು’ ಎಂದು ಜುಟ್ಟು ಹಿಡಿಯುವುದೊಂದು ಬಾಕಿ. ಕೊನೆಗೆ ಒಬ್ಬಳು ಮಂಡಿಯೂರಿ ಬೆರಳಿನಿಂದ ಮಣ್ಣು ಸರಿಸಿ ಇರುವೆಯ ಬಾಯಿ ಹುಡುಕಿ, ‘ನೋಡು, ನನ್ನ ಇರುವೆ ಇಲ್ಲೇ ಇದಾವೆ’ ಎಂದಳು. ಸೋತವಳು ಒಂದು ಗೇಣು ಸರಿದು ನಿಂತಳು. ಇನ್‌ಸ್ಪೆಕ್ಟರಮ್ಮ ಆ ಮಣ್ಣಿನಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಇನ್ನು ಮುಂದೇನು ನೋಡ್ತೀರಿ ಎಂದು ಕೇಳಿದರೆ ಎಲ್ಲ ಒಟ್ಟಿಗೇ, ‘ಮೊದಲು ಯಾವುದು ಬರುತ್ತೆ ಅಂತ!’ ನನಗೆ ಅಳು ಬಂತು. ಬೇಕರಿಯವನೂ ಅತ್ತ, ಕಣ್ಣಿಗೆ ಹಿಟ್ಟು ಬಿತ್ತು ಎಂದು ಸುಳ್ಳು ಹೇಳಿದ.

ಪಾಠ ಮುಗಿದ ಮೇಲೆ ಇವಳು ಉಳಿದಿದ್ದ ಒಂದು ಗೂಟವನ್ನೂ ತನ್ನ ಭೂತಗನ್ನಡಿಯನ್ನೂ ನಿಮ್ಮಪ್ಪನ ಕೈಗೆ ಕೊಟ್ಟಳು. ‘ಮಾವಾ, ನಿಮಗೂ ಒಂದು ಜಾಗ. ದಿನಾ ನೋಡಿ ಹೇಳ್ಬೇಕು.’ ಅಂದಿನಿಂದ ಮುಖ ತೊಳೆಯುವ ಮೊದಲೇ ಅಲ್ಲಿಗೆ ಓಟ. ಬೇಗ ಬರಲಿ ಎಂದು ಕದ್ದು ಚೆಂಬಿನಲ್ಲಿ ನೀರು ಹಾಕಲು ಹೋಗಿ ಮಕ್ಕಳ ಕೈಗೆ ಸಿಕ್ಕಿಬಿದ್ದರು. ‘ತಾತ, ಮೋಸ!’ ಎಂದು ಬೀದಿಯುದ್ದಕ್ಕೂ ಕೂಗಿಸಿಕೊಂಡರು. ಶುಕ್ರವಾರ ಇಲಾಖೆಯ ಉತ್ತರ ಬಂತು: ಪರಿಸರ ಪಾಠ ಮುಂದಿನ ವರ್ಷವೂ ಇರುತ್ತದೆ, ಶಾಲೆ ಮತ್ತೆ ತೆರೆದರೂ ಪಾಠ ಆ ಜಾಗದಲ್ಲೇ ನಡೆಯಲಿ. ದೊಡ್ಡ ಮೇಡಂ ಖುದ್ದಾಗಿ ಮನೆಗೆ ಬಂದು ಹೇಳಿ ಹೋದರು. ಇವಳು ಎಲ್ಲರಿಗೂ ಚಹಾ ಕೊಟ್ಟು, ಒಳಗೆ ಬಂದು ಕ್ಯಾಲೆಂಡರಿನಲ್ಲಿ ತಿಂಗಳ ಕೊನೆಯನ್ನು ನೋಡುತ್ತಾ ನಿಂತಿದ್ದನ್ನು ನಾನು ನೋಡಿದೆ.

ಕಾಗದ ಉದ್ದವಾಯಿತು, ಮಿಷನ್ನಿನ ಮೇಲೆ ಅರ್ಧ ಹೊಲಿದ ಲಂಗ ಕಾಯುತ್ತಿದೆ. ಗಾಯಕ್ಕೆ ಮುಲಾಮು ಹಚ್ಚುವುದನ್ನು ಮರೆಯಬೇಡ. ನಿಮ್ಮಪ್ಪನ ಆಶೀರ್ವಾದ, ನನ್ನದಂತೂ ಇದ್ದೇ ಇದೆ. ಎಲ್ಲಿದ್ದರೂ ತಣ್ಣಗಿರು.

ಇಂತಿ,
ನಿನ್ನ ಅಮ್ಮ

ಮತ್ತೆ ಸೇರಿಸಿದ್ದು: ಸೋಮವಾರ ಬೆಳಿಗ್ಗೆ, ಅಂಚೆಗೆ ಹಾಕುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮ್ಮಪ್ಪನ ಜಾಗದಲ್ಲೇ ಮೊದಲು ಚಿಗುರಿತು! ಚಪ್ಪಲಿ ಬಿಟ್ಟು ಓಡಿ ಬಂದು ಬೀದಿಯನ್ನೆಲ್ಲ ಎಬ್ಬಿಸಿದರು. ಇವಳು ಮಂಡಿಯೂರಿ ನೋಡಿ, ‘ಅವರಿಗೆ ತೋರಿಸ್ಬೇಕಿತ್ತು ಅತ್ತೆ’ ಎಂದಳು. ಅವರು ಅಂದರೆ ನೀನು. ನಾನು ಹೇಳದಿದ್ದರೂ, ನೀನೇ ಫೋನಿನಲ್ಲಿ ಕೇಳಿದ್ದಕ್ಕೆ ಅವಳು ನಿನಗೆ ಹೂಂ ಅಂದಿದ್ದಾಳೆ ಎಂದು ನನಗೆ ಗೊತ್ತು, ಮಾತು ತಪ್ಪುವವಳಲ್ಲ. ತಿಂಗಳ ಕೊನೆಗೆ ಬಂದರಿನ ಆಫೀಸಿಗೆ ಹೋಗಿ ಕೂರುತ್ತಾಳೆ, ನಗುತ್ತಲೇ ಕೂರುತ್ತಾಳೆ. ಅದಕ್ಕೇ ಹೇಳುತ್ತೇನೆ, ಬೇಡ ಅನ್ನುವುದನ್ನು ನೀನೇ ಅನ್ನು. ಒಂದು ಸಾಲು ಬರೆ ಸಾಕು. ನನಗಲ್ಲ, ಅವಳಿಗೆ. ಇನ್ನೊಂದು ಮಾತು. ನಿನ್ನ ಹಳೇ ನೀಲಿ ಅಂಗಿಯ ತುದಿ ಕತ್ತರಿಸಿಕೊಡಿ ಎಂದು ನಿನ್ನೆ ಕೇಳಿದಳು, ಕೊಟ್ಟೆ. ನಿಮ್ಮಪ್ಪನ ಗೂಟದ ಪಕ್ಕ ಒಂದು ನೀಲಿ ಗೂಟ ನೆಟ್ಟಿದ್ದಾಳೆ. ನೀನು ಬರುವ ತನಕ ಅದನ್ನು ತಾನೇ ನೋಡಿಕೊಳ್ಳುತ್ತಾಳಂತೆ.