ಅಂಗಳದ ನಲ್ಲಿ

ಗೊಲ್ಲಪಾಲೆಂ, ಉದ್ದಾನಂ
ನವೆಂಬರ್ ೨೦

ಪ್ರೀತಿಯ ನೀಲವೇಣಿ ಅಕ್ಕನಿಗೆ,

ತಮ್ಮ ದಿಲ್ಲೇಶುವಿನ ನಮಸ್ಕಾರ. ಸೂರತ್ತಿನಲ್ಲಿ ನೀನೂ ಭಾವನೂ ಕ್ಷೇಮವೆಂದುಕೊಂಡಿದ್ದೇನೆ. ನಿನ್ನ ಎರಡು ಪತ್ರಗಳಿಗೂ ಉತ್ತರಿಸಲಿಲ್ಲ. ಬರೆಯಲು ಕೂತರೆ ಪೆನ್ನು ಮುಂದೆ ಹೋಗುತ್ತಿರಲಿಲ್ಲ. ಬೇಸರಿಸಬೇಡ.

ಅಮ್ಮ ವಾರಕ್ಕೆ ಮೂರು ಸಲ ನನ್ನ ಬೈಕಿನಲ್ಲೇ ಡಯಾಲಿಸಿಸ್‌ಗೆ ಬರುತ್ತಾಳೆ. ಅವಳು ಒಳಗೆ ಹಾಸಿಗೆಯಲ್ಲಿ. ನಾನು ಗೋಡೆಯಾಚೆ, ನೀರು ಶುದ್ಧಮಾಡುವ ಯಂತ್ರಗಳ ನಡುವೆ ನನ್ನ ಕೆಲಸದಲ್ಲಿ. ಕಳೆದ ತಿಂಗಳು ಹಾಸಿಗೆಯಲ್ಲಿದ್ದವರಿಗೆ ಒಬ್ಬೊಬ್ಬರಾಗಿ ಚಳಿಜ್ವರ ಬರತೊಡಗಿತು. ಅಮ್ಮನೂ ನಡುಗಿದಳು. ನೀರನ್ನು ಪರೀಕ್ಷೆಗೆ ಕಳಿಸಿದರೆ ಅದರಲ್ಲಿ ಕ್ರಿಮಿ. ಫಿಲ್ಟರುಗಳೆಲ್ಲ ಸರಿಯಿದ್ದವು. ಹುಡುಕುತ್ತಾ ಹೋದರೆ ಆಸ್ಪತ್ರೆ ಅಂಗಳದ ನಲ್ಲಿಗೆ ಬಂದು ನಿಂತೆ.

ನಾನು ಕೆಲಸಕ್ಕೆ ಸೇರುವ ಮೊದಲೇ ರೋಗಿಗಳ ಮನೆಯವರು ಕೇಳಿ ಹಾಕಿಸಿಕೊಂಡ ನಲ್ಲಿ ಅದು. ಮನೆಮನೆಯಲ್ಲೂ ಕಿಡ್ನಿ ಕೆಡಿಸುತ್ತಿರುವುದು ಬಾವಿ ನೀರೇ ಎಂಬ ಮಾತೆದ್ದ ಮೇಲೆ ನಮ್ಮ ಬಾವಿಗಳನ್ನು ಈಗ ಯಾರು ನಂಬುತ್ತಾರೆ? ಡಯಾಲಿಸಿಸ್‌ಗೆಂದು ಶುದ್ಧಮಾಡಿದ ನೀರನ್ನೇ ಬಿಂದಿಗೆಯಲ್ಲಿ ಕುಡಿಯಲು ಒಯ್ಯುತ್ತಿದ್ದರು. ಆದರೆ ನಲ್ಲಿ ಮುಚ್ಚಿದಾಗಲೆಲ್ಲ ಅದಕ್ಕೆ ಹೋಗುವ ಕವಲು ಕೊಳವೆಯಲ್ಲಿ ನೀರು ನಿಂತು, ಒಳಗೆ ಲೋಳೆ ಕಟ್ಟಿ, ಕ್ರಿಮಿ ಹಾಸಿಗೆಗಳ ಕಡೆ ಹೋಗುವ ದೊಡ್ಡ ಕೊಳವೆಗೂ ಹಬ್ಬಿತ್ತು. ಕವಲನ್ನು ಬುಡದಲ್ಲೇ ಕತ್ತರಿಸಿ ಮುಚ್ಚಿದೆ, ಉಳಿದದ್ದನ್ನು ಔಷಧ ಹಾಕಿ ತೊಳೆದೆ. ಜ್ವರ ನಿಂತಿತು.

ಜನ ನನ್ನೊಡನೆ ಮಾತಾಡುವುದೂ ನಿಂತಿತು. ಗಂಡನನ್ನು ಕರೆತರುವ ನೆರೆಮನೆಯ ಗುನ್ನಮ್ಮತ್ತೆ ಮಾತ್ರ ಖಾಲಿ ಬಿಂದಿಗೆ ನನ್ನೆದುರು ಕುಕ್ಕಿದಳು.

"ಬಾರಪ್ಪಾ ನಲ್ಲಿ ಕಿತ್ತ ದೊರೆ. ನಿಮ್ಮನೇಲಿ ಬಾವಿ ನೀರು ರುಚಿಯಾಗಿದ್ಯಾ?"

"ಕೊಳವೆ ಕೆಟ್ಟಿತ್ತು ಅತ್ತೆ. ಮಾವನಿಗೂ ಜ್ವರ ಬಂದಿತ್ತಲ್ಲ."

"ಅಂದ್ರೆ ಕಿಡ್ನಿ ಹೋದೋರಿಗೆ ಒಳ್ಳೇ ನೀರು, ಇನ್ನೂ ಹೋಗದೇ ಇರೋರಿಗೆ ಬಾವಿ ನೀರು. ಹಂಗೇನೋ?"

ಬಿಂದಿಗೆಯನ್ನು ಎತ್ತಿ ಅವಳ ಕೈಗೆ ಕೊಟ್ಟು ಯಂತ್ರಗಳ ಕಡೆ ಹೋದೆ.

ಅಮ್ಮನೂ ಅಲ್ಲಿ ತಂಬಿಗೆ ತುಂಬಿಸಿಕೊಳ್ಳುತ್ತಿದ್ದಳು. ತಾನು ಕುಡಿಯುವುದು ಡಾಕ್ಟರು ಹೇಳಿದ ಅಳತೆಯ ಗುಟುಕು. ಅದೆಲ್ಲ ನನ್ನ ಲಲಿತಳಿಗೆ. "ಗೇರುಬೀಜದ ಶೆಡ್ಡಲ್ಲಿ ದಿನಾ ಬೇಯ್ತಾಳೆ ನನ್ನ ಸೊಸೆ. ಇದಾದ್ರೂ ಕುಡೀಲಿ" ಅನ್ನುತ್ತಿದ್ದಳು. ನಲ್ಲಿ ಹೋದ ಮೇಲೂ ತಂಬಿಗೆ ಹಿಡಿದೇ ಬೈಕು ಹತ್ತುತ್ತಿದ್ದಳು.

ಭಾವನಿಗೆ ನಮಸ್ಕಾರ. "ಮಕ್ಕಳ ತಲೆ ಮೇಲೆ ಕೈಯಿಟ್ಟಿದ್ದೀನಿ ಅಂತ ಬರಿ" ಅಂದಳು ಅಮ್ಮ. ಬರೆದಿದ್ದೇನೆ.

ನಿನ್ನ ತಮ್ಮ,
ದಿಲ್ಲೇಶ್ವರ ರಾವ್

ಮತ್ತೆ: ತಡವಾದ ಕಾರಣವನ್ನು ಮೇಲೆ ಬರೆಯಲಾಗಲಿಲ್ಲ. ಲಲಿತಳ ಕಾಲು ಊದುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದೆವು. ಎರಡು ಕಿಡ್ನಿಯೂ ಉಳಿದಿಲ್ಲವಂತೆ. ಸೋಮವಾರದಿಂದ ಅಮ್ಮನ ಪಕ್ಕದ ಹಾಸಿಗೆ. ಕೇಳಿದ ಅಮ್ಮ ತಂಬಿಗೆಯನ್ನು ಮೂಲೆಯಲ್ಲಿ ಬೋರಲು ಹಾಕಿ, "ಇನ್ಮೇಲೆ ಅವಳಿಗೂ ಒಳ್ಳೇ ನೀರು ಸಿಗತ್ತಲ್ಲೋ" ಎಂದಳು.