ಹದಿನೇಳನೆಯ ಪುಟ

ಕೆಳನೀರು ಕೇಂದ್ರ, ಗದಗ ಸೀಮೆ
ಇಸವಿ ೨೨೧೪, ಕಾರ್ತಿಕದ ಮೂವತ್ತೊಂದನೆಯ ದಿನ

ಹಿಂದಿನವರಿಗೆ ನಮಸ್ಕಾರ.

ನಿಮ್ಮ ಕಾರ್ತಿಕದಲ್ಲಿ ಮೂವತ್ತೊಂದನೆಯ ದಿನ ಇರಲಿಲ್ಲವೆಂದು ಬಲ್ಲೆ. ತೀರಿಕೊಂಡವರಿಗಾಗಿ ನಾವು ಆ ತಿಂಗಳ ಕೊನೆಗೆ ಒಂದು ದಿನ ಸೇರಿಸಿಕೊಂಡಿದ್ದೇವೆ. ಅಂದು ಯಾರೂ ಕೆಲಸಕ್ಕೆ ಹೋಗುವುದಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಏಳನೆಯ ತರಗತಿ ಓದಿದವಳು ನಾನು. ದಿನಚರಿ ಬಿಟ್ಟು ಬೇರೇನೂ ಬರೆದವಳಲ್ಲ.

ನಮ್ಮ ಊರಿನ ನೀರು ನೆಲದಡಿಯ ಸುರಂಗಗಳಲ್ಲಿ ಹರಿಯುತ್ತದೆ. ಆರು ಜನರ ತಂಡ ದಿನವೂ ಇಳಿದು ಹೂಳು ತೆಗೆಯುತ್ತದೆ. ಮೇಲೆ, ನೀರಿನ ಮಟ್ಟ ತೋರಿಸುವ ಮುಳ್ಳಿನ ಮುಂದೆ ಕೂತು ತಂಡವನ್ನು ನಡೆಸುವವರಿಗೆ ಮುಂಗೈ ಎನ್ನುತ್ತೇವೆ. ಮುಳ್ಳು ಏರಿದಾಗ ಹಗ್ಗ ಎಳೆದು ಗಂಟೆ ಬಾರಿಸುವ ತೀರ್ಮಾನ ಅವರೊಬ್ಬರದೇ. ಗಂಟೆ ಕೇಳಿದರೆ ತಂಡ ಕೆಲಸ ಬಿಟ್ಟು ಮೇಲೆ ಬರುತ್ತದೆ. ಸುಮ್ಮನೆ ಬಾರಿಸಿದರೆ ಹೂಳು ಉಳಿದು ಊರಿಗೆ ಅಂದು ನೀರಿಲ್ಲ. ತಡವಾದರೆ ಜೀವ ಹೋಗುತ್ತದೆ. ಹೊಸ ಮುಂಗೈ ಕಲಿಯುವ ಮೂರು ತಿಂಗಳು ಹಳಬರೊಬ್ಬರು ಹಿಂದೆ ಕೂತಿರುತ್ತಾರೆ. ಆ ಕುರ್ಚಿಗೆ ಬೆನ್ನುಕುರ್ಚಿ ಎಂದು ಹೆಸರು. ಅದರಲ್ಲಿ ಕೂತವರು ತುಟಿ ಬಿಚ್ಚಬಾರದು. ಹನ್ನೊಂದು ವರ್ಷದಿಂದ ಅಲ್ಲಿ ಕೂರುವವಳು ನಾನು.

ಕೇಂದ್ರದ ಕಪಾಟಿನಲ್ಲಿ ನಿಮ್ಮ ಕಾಲದ್ದೊಂದು ತರಬೇತಿ ಪುಸ್ತಕವಿದೆ. ಅದರ ಹದಿನಾರನೆಯ ಪುಟ ಹೀಗೆ ಮುಗಿಯುತ್ತದೆ: “ಹೊಸ ನಾಯಕರು ಸರಿಯಾಗಿ ಮಾಡಿದಾಗ ಅದು ಅವರಿಗೆ ಗೊತ್ತಾಗಲಿ. ಆದರೆ”. ಹದಿನೇಳನೆಯ ಪುಟವನ್ನು ಗೆದ್ದಲು ತಿಂದಿದೆ.

ಪಾರವ್ವ ಕಲಿಯಲು ಬಂದಾಗ ಅವಳಿಗೆ ಇಪ್ಪತ್ಮೂರು. ಬಾಯಿ ಜೋರು. “ದೊಡ್ಡವ್ವಾ, ಬಾಯಿಗೆ ಬೀಗ ಹಾಕ್ಯಾರ ಖರೆ, ಕಣ್ಣಿಗೇನ್ ಹಾಕಿಲ್ಲಲ್ಲ!” ಎಂದು ಮೊದಲ ದಿನವೇ ನಗಿಸಿದಳು. ಹಗ್ಗಕ್ಕೆ ಕೈ ಹಾಕುವ ಮುಂಚೆ ಹೊರಳಿ ನನ್ನ ಮುಖ ನೋಡುವಳು. ಹದಿನಾರನೆಯ ಪುಟ ನೆನೆದು, ಸರಿಯಿದ್ದರೆ ನಾನು ಕಣ್ಣು ಮುಚ್ಚಿ ತೆರೆಯುತ್ತಿದ್ದೆ. ತಪ್ಪಿದ್ದರೆ ನೆಲ ನೋಡುತ್ತಿದ್ದೆ. ತೊಂಬತ್ತು ದಿನದಲ್ಲಿ ಅವಳದು ಒಂದೂ ತಪ್ಪಿಲ್ಲ. ಇಂಥ ಮುಂಗೈಯನ್ನು ಕಂಡಿಲ್ಲವೆಂದು ಹಿರಿಯರು ಹೊಗಳಿದರು. ಸಿಹಿ ಹಂಚಲೆಂದು ಅವಳು ತಂದ ಮಾದಲಿಯನ್ನು ನಾನೂ ಹೆಮ್ಮೆಯಿಂದ ತಿಂದೆ.

ಅವಳು ಒಬ್ಬಳೇ ಕೂತ ಮೊದಲ ದಿನ ನಾನು ಮನೆಯಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದೆ. ಕೇಂದ್ರದಲ್ಲಿ ಮುಳ್ಳು ಏರಿತು. ಅಲ್ಲೇ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ಸ್ವಾಮಣ್ಣ ಆಮೇಲೆ ನನ್ನ ಹೊಸ್ತಿಲಲ್ಲಿ ಕೂತು ಹೇಳಿದ: “ಎರಡ ಸಲ ಹೊರಳಿ ಖಾಲಿ ಕುರ್ಚಿ ನೋಡಿದ್ಳು, ಅಕ್ಕಾರ. ಕೈ ಹಗ್ಗದ ಮ್ಯಾಲೇ ಇತ್ತು. ‘ಎಳೀ ತಂಗಿ’ ಅನ್ಬೇಕಂದೆ. ಮುಂಗೈಗೆ ನಾ ಹ್ಯಾಂಗ ಹೇಳ್ಲಿ?”

ಗಂಟೆ ಬಾರಿಸುವಷ್ಟರಲ್ಲಿ ತಡವಾಗಿತ್ತು. ಐವರು ಮೇಲೆ ಬಂದರು. ಆರನೆಯವರ ಕಾಲು ಹೂಳಿನಲ್ಲಿ ಸಿಕ್ಕಿಕೊಂಡಿತ್ತು. ಪಾರವ್ವ ತಾನೇ ಇಳಿದು ಅವರನ್ನು ಏಣಿಗೆ ದೂಡಿದಳು. ಅವರು ಬಂದರು, ಅವಳು ಬರಲಿಲ್ಲ. ಇಳಿಯುವಾಗ ಮಾತ್ರ ಹಿಂದೆ ಹೊರಳಿ ನೋಡಲಿಲ್ಲವಂತೆ.

ನನ್ನನ್ನು ಯಾರೂ ಬೈಯಲಿಲ್ಲ. ಈ ಕೆಲಸದಿಂದ ನನ್ನನ್ನು ಬಿಟ್ಟುಬಿಡಿ ಎಂದು ಕೇಳಿಕೊಂಡೆ. ಮುಳ್ಳಿನ ಓಟವನ್ನು ನನ್ನಷ್ಟು ಬಲ್ಲ ಹಳಬರು ಬೇರೆ ಯಾರೂ ಉಳಿದಿಲ್ಲವೆಂದು ಬಿಡಲಿಲ್ಲ. ಹಿರಿಯರು ಬೆನ್ನುಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು, ಅಷ್ಟೆ. ಮೊನ್ನೆ ಹೊಸ ಹುಡುಗ ನೀಲಪ್ಪನನ್ನು ಕೂರಿಸಿ ನೋಡಿದೆವು. ಗೋಡೆ ನೋಡುತ್ತ ಕೂತಿದ್ದೆ. ಅವನ ಕುರ್ಚಿ ಕಿರುಗುಟ್ಟಿತು, ಹೊರಳಿದನೆಂದು ತಿಳಿಯಿತು. ನನಗರಿವಿಲ್ಲದೆ ಉಸಿರು ಬಿಗಿಹಿಡಿದೆ. ಉಸಿರು ನಿಂತದ್ದು ಅವನಿಗೆ ಕೇಳಿಸಿತೇನೋ, ಹಗ್ಗದಿಂದ ಕೈ ತೆಗೆದ. ಅದೇ ಸರಿಯಾಗಿತ್ತು.

ಈ ಪತ್ರ ನಿಮ್ಮವರೆಗೆ ಬರುವ ದಾರಿ ನನಗೆ ಗೊತ್ತಿಲ್ಲ. ನೀವು ಬರೆದದ್ದು ಮಾತ್ರ ನನ್ನವರೆಗೆ ಬಂದೀತು, ಆ ಪುಸ್ತಕ ಬಂದ ಹಾಗೆ. ಹೊಸಬರನ್ನು ಬೆಳೆಸುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, “ಆದರೆ” ಎಂಬುದರ ಮುಂದೆ ಏನಿತ್ತೆಂದು ಬರೆದು, ಗೆದ್ದಲು ಮುಟ್ಟದ ಜಾಗದಲ್ಲಿಡಿ. ನಾಳೆ ಬೆಳಿಗ್ಗೆ ಎಂಟಕ್ಕೆ ನೀಲಪ್ಪ ಕಲಿಯಲು ಕೂರುತ್ತಾನೆ. ಅದಕ್ಕೂ ಮುಂಚೆ ಹೋಗಿ ಕಪಾಟನ್ನು ಇನ್ನೊಮ್ಮೆ ನೋಡುತ್ತೇನೆ.

ಇತಿ,
ಕಲ್ಲವ್ವ